ಲೆಕ್ಕದ ಪುಸ್ತಕದ ಹಾಳೆ

ಒಂದು ಜಡೆ ಹೆಣೆದಾಗಿತ್ತು. ಇನ್ನೊಂದಕ್ಕೆ ಕೂದಲನ್ನು ಮೂರು ಕಾಲು ಮಾಡಿ ಹಿಡಿದಿದ್ದೆ. ಮಗಳು ಸ್ಟೂಲಿನ ಮೇಲೆ ಕೂತು ರಿಬ್ಬನ್ನನ್ನು ಹಲ್ಲಲ್ಲಿ ಕಚ್ಚಿಕೊಂಡಿದ್ದಳು. ಆಗ ಅಡುಗೆಮನೆಯ ಹಿಂಬಾಗಿಲು ಬಡಿದ ಸದ್ದಾಯಿತು.

ಬೆಳಗ್ಗೆ ಏಳೂಕಾಲಿಗೆ ಆ ಬಾಗಿಲು ಬಡಿಯುವವರು ಒಬ್ಬರೇ. ಬೆರಳ ಗೆಣ್ಣಿನಿಂದ ಎರಡೇ ಸಲ, ಎಣಿಸಿದ ಹಾಗೆ ಬಡಿಯುತ್ತಾರೆ. ಇದು ಅಂಗೈಯಿಂದ ಬಡಿದ ಸದ್ದು. ಬಂದವರು ನರ್ಸಕ್ಕ. ನಮ್ಮ ಚರ್ಚಿನ ಹಿಂದಿರುವ ಆರೋಗ್ಯ ಕೊಠಡಿಯನ್ನು ಹನ್ನೊಂದು ವರ್ಷಗಳಿಂದ ನಡೆಸುತ್ತಿರುವವರು. ಅವರು ಬೀದಿಗಿಳಿದರೆ ಕೆಮ್ಮು ಬಂದವರೂ ಮನೆ ಸೇರುವ ತನಕ ತಡೆದುಕೊಳ್ಳುತ್ತಾರೆ ಅಂತ ನಾವೆಲ್ಲ ಬೆನ್ನ ಹಿಂದೆ ನಗುವುದುಂಟು. ಯಾಕೆಂದರೆ ಕೆಮ್ಮು ಕೇಳಿದ ಕೂಡಲೇ ಅವರು ಚೀಲದಿಂದ ಮುಚ್ಚಳದ ಡಬ್ಬಿ ತೆಗೆದು ಕಫ ಕೇಳುತ್ತಾರೆ.

ಒಳಗೆ ಬರದೆ ಹೊಸ್ತಿಲಲ್ಲೇ ನಿಂತು ಕೇಳಿದರು.

"ಕಟಿಂಗ್ ಅಂಗಡಿ ಅಣ್ಣ ಬಂದಿದ್ರಾ?"

"ಇನ್ನೂ ಇಲ್ಲ. ಬರೋ ಹೊತ್ತಾಯ್ತು."

"ಬರಲ್ಲ. ಷಟರ್ ಮೇಲೆ ರಟ್ಟು ನೇತು ಹಾಕಿದ್ದಾರೆ. ಹೋಗಿ ನೋಡಿ."

ಕೈಯಲ್ಲಿದ್ದ ಮೂರು ಕಾಲೂ ಬಿಟ್ಟುಹೋದವು. ಮಗಳು ರಿಬ್ಬನ್ನು ಕಚ್ಚಿಕೊಂಡೇ ತಿರುಗಿ ನೋಡಿದಳು. ಅರ್ಧ ಜಡೆಯಲ್ಲೇ ಅವಳನ್ನು ಶಾಲೆಗೆ ಎಳೆದುಕೊಂಡು ಹೊರಟೆ. ದಾರಿಯಲ್ಲೇ ಅಂಗಡಿ. ಷಟರ್ ನೆಲ ಮುಟ್ಟಿತ್ತು. ಬೀಗದ ಕೊಂಡಿಗೆ ದಾರ ಕಟ್ಟಿ ಬಿಸ್ಕತ್ತಿನ ಪೆಟ್ಟಿಗೆಯ ರಟ್ಟು ತೂಗಿಬಿಟ್ಟಿದ್ದರು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: "ಕೂದಲು ಬೆಳೆದ ಮೇಲೆ ಬನ್ನಿ."

ಅದರ ಅರ್ಥ ನರ್ಸಕ್ಕನಿಗೆ ಆದ ಹಾಗೆಯೇ ನನಗೂ ಆಯಿತು. ಆದರೆ ನಮ್ಮಿಬ್ಬರಲ್ಲಿ ತಪ್ಪು ಎಲ್ಲಿಂದ ಶುರುವಾಯಿತು ಅಂತ ಗೊತ್ತಿದ್ದದ್ದು ನನಗೊಬ್ಬಳಿಗೆ.

ಆರೋಗ್ಯ ಕೊಠಡಿ ಅಂದರೆ ದೊಡ್ಡದೇನಲ್ಲ. ಮೊದಲು ಹಾಡುವವರ ನಿಲುವಂಗಿಗಳನ್ನು ಇಡುತ್ತಿದ್ದ ಕೋಣೆ. ಗಾಳಿ ಆಡಲಿ ಅಂತ ಗೋಡೆ ಒಡೆದು ಎರಡು ಕಿಟಕಿ ಇಟ್ಟಿದ್ದಾರೆ. ತೂಕದ ಯಂತ್ರ, ಕಬ್ಬಿಣದ ಬೀರು, ಹೊರಗೆ ಮರದ ಕೆಳಗೊಂದು ಬೆಂಚು. ಕಫ ಕೊಡುವವರು ಆ ಬೆಂಚಿನ ಆಚೆ ಹೋಗಿ ಬಯಲಲ್ಲಿ ಕೊಡಬೇಕು. ಶನಿವಾರ ನಾವು ಏಳೆಂಟು ಹೆಂಗಸರು ಬೀದಿಗಳನ್ನು ಹಂಚಿಕೊಂಡು ಹೋಗುತ್ತೇವೆ. ಡ್ರಮ್ಮುಗಳಲ್ಲಿ ಸೊಳ್ಳೆಮರಿ ಇದೆಯಾ ನೋಡುವುದು, ಇದ್ದರೆ ನೀರು ಚೆಲ್ಲಿಸಿ ಬೈಸಿಕೊಳ್ಳುವುದು, ಎರಡು ವಾರಕ್ಕಿಂತ ಹೆಚ್ಚಿನ ಕೆಮ್ಮು ಇದೆಯಾ ಕೇಳುವುದು. ಕಫದಲ್ಲಿ ಟಿಬಿ ಕಂಡವರಿಗೆ ಸರಕಾರಿ ಆಸ್ಪತ್ರೆಯ ಡಾಕ್ಟರು ಮಾತ್ರೆ ಬರೆಯುತ್ತಾರೆ. ಆರು ತಿಂಗಳು, ಒಂದು ದಿನವೂ ತಪ್ಪದ ಹಾಗೆ ನುಂಗಿಸುವುದು ನಮ್ಮ ಕೆಲಸ. ಕೊಠಡಿಗೆ ಬಂದರೆ ಯಾರಾದರೂ ನೋಡಿಯಾರು ಅಂತ ಹೆದರುವವರಿಗೆ ನಮ್ಮ ನಮ್ಮ ಅಡುಗೆಮನೆಯ ಹಿಂಬಾಗಿಲೇ ಆಸ್ಪತ್ರೆ.

ಕೊಠಡಿಯ ಗೋಡೆಯ ಮೇಲೆ ಒಂದು ನಿಯಮ ಬರೆದಿದೆ: "ಇಲ್ಲಿ ಕೇಳಿದ್ದು ಇಲ್ಲೇ ಇರಲಿ." ನನ್ನ ಅಕ್ಷರ ದುಂಡಗಿದೆ ಅಂತ ನನ್ನಿಂದಲೇ ಬರೆಸಿದ್ದು.

ಕಟಿಂಗ್ ಅಂಗಡಿ ಅಣ್ಣನಿಗೆ ಕೆಮ್ಮಿರುವುದು ಗೊತ್ತಾದದ್ದು ನನ್ನ ಮಗಳಿಂದ. ಅವಳ ಹಣೆಯ ಮೇಲಿನ ಕೂದಲನ್ನು ಎರಡು ತಿಂಗಳಿಗೊಮ್ಮೆ ಅವರೇ ಕತ್ತರಿಸುವುದು. ಅವಳು ಅವರನ್ನು ಕತ್ತರಿ ಮಾಮ ಅನ್ನುತ್ತಾಳೆ. ಆ ಸಲ ಅವರು ಮೂರು ಬಾರಿ ಕತ್ತರಿ ಇಟ್ಟು, ಬಾಗಿಲ ತನಕ ಹೋಗಿ, ಆಚೆ ಮುಖ ಮಾಡಿ ಕೆಮ್ಮಿ ಬಂದರು. ಎಷ್ಟು ದಿನದಿಂದ ಅಣ್ಣ, ಅಂತ ಕೇಳಿದೆ. ಸ್ವಲ್ಪ ಯೋಚಿಸಿ, ಇವಳ ಹಿಂದಿನ ಕಟಿಂಗ್‌ನಿಂದ, ಅಂದರು. ಅವರಿಗೆ ಕಾಲ ಅಳೆಯಲು ಬೇರೆ ಕ್ಯಾಲೆಂಡರ್ ಇಲ್ಲ. ಊರಿನವರ ತಲೆಗಳೇ ಕ್ಯಾಲೆಂಡರ್.

ಪರೀಕ್ಷೆಯಾಯಿತು, ಟಿಬಿ ಅಂತಾಯಿತು. ನನ್ನ ಮಗಳಿಗೂ ಪರೀಕ್ಷೆ ಮಾಡಿಸಿದೆವು, ಏನೂ ಇರಲಿಲ್ಲ. ಡಾಕ್ಟರು ಹೇಳಿದ ಹಾಗೆ ಅವರು ಮೊದಲ ಕೆಲವು ವಾರ ಅಂಗಡಿ ಮುಚ್ಚಿ, ಅಕ್ಕನ ಮನೆಗೆ ಹೋಗಿದ್ದೇನೆ ಅಂತ ಎಲ್ಲರಿಗೂ ಹೇಳಿ, ಅಂಗಡಿಯ ಹಿಂದಿನ ತಮ್ಮ ಕೋಣೆಯಲ್ಲೇ ಇದ್ದರು. ಹೆಂಡತಿ ತೀರಿಹೋಗಿ ವರ್ಷಗಳಾಗಿವೆ, ಒಬ್ಬರೇ. ಮತ್ತೆ ಕಫ ಪರೀಕ್ಷೆ ಮಾಡಿದಾಗ ಹರಡುವುದು ನಿಂತಿತ್ತು. ಡಾಕ್ಟರು ಒಪ್ಪಿದ ಮೇಲೆ ಅಂಗಡಿ ತೆರೆದರು. ಅಲ್ಲಿಯ ತನಕ ಮಾತ್ರೆಯನ್ನು ನಾನೇ ಅವರ ಕೋಣೆಗೆ ಒಯ್ಯುತ್ತಿದ್ದೆ, ಆಮೇಲೆ ದಿನಾ ಏಳೂಕಾಲಿಗೆ ಅವರೇ ನನ್ನ ಹಿಂಬಾಗಿಲಿಗೆ ಬರುತ್ತಿದ್ದರು. ಮಾತ್ರೆ ಬಾಯಿಗೆ ಹಾಕಿ, ನೀರು ಕುಡಿದು, ನುಂಗಿದ್ದಕ್ಕೆ ಸಾಕ್ಷಿಯಾಗಿ ಬಾಯಿ ತೆರೆದು ತೋರಿಸಬೇಕು. ಅದು ನರ್ಸಕ್ಕನ ಕಟ್ಟಳೆ. ಅವರು ದೊಡ್ಡದಾಗಿ ಬಾಯಿ ತೆರೆದು ತೋರಿಸಿ, "ಹಲ್ಲೂ ಎಣಿಸ್ಕೋ ತಂಗಿ, ನಾಳೆ ಕಡಿಮೆಯಾದ್ರೆ ನಿನ್ನ ಮೇಲೇ ಬರತ್ತೆ" ಅನ್ನುತ್ತಿದ್ದರು. ಮೊದಲ ದಿನ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದು ಕಂಡು ಗಾಬರಿಯಾಗಿ ಕೇಳಿದ್ದರು, ಒಳಗೆ ತುಕ್ಕು ಹಿಡಿದಿದೆಯಾ ಅಂತ. ಅದು ಮಾತ್ರೆಯ ಬಣ್ಣ ಅಂದಾಗ, ಮೊದಲೇ ಹೇಳಬಾರದಾ, ಉಯಿಲು ಬರೆಯಲು ಕೂತಿದ್ದೆ ಅಂದರು.

ಅವರು ನುಂಗಿದ ಮೇಲೆ ನಾನು ಕಾರ್ಡಿನಲ್ಲಿ ಆ ದಿನದ ಚೌಕದ ಮನೆಯೊಳಗೆ ಗುರುತು ಹಾಕುತ್ತಿದ್ದೆ. ಆ ಕಾರ್ಡು ಈಗ ನನ್ನ ಮುಂದೆ ಇದೆ. ನಾಲ್ಕು ತಿಂಗಳು ಮತ್ತು ಹದಿನೇಳು ದಿನ ನನ್ನ ಗುರುತು, ಸಣ್ಣದಾಗಿ, ಗೆರೆ ದಾಟದ ಹಾಗೆ. ಆಮೇಲೆ ಏಳು ಮನೆ ಖಾಲಿ. ಎಂಟನೆಯದರಿಂದ ಕೊನೆಯ ತನಕ ಗುರುತುಗಳು ಬೇರೆ ಕೈಯವು. ದಪ್ಪಗೆ, ಒತ್ತಿ ಹಾಕಿದವು. ಅವು ಅಣ್ಣನವೇ. ಆ ಏಳು ಖಾಲಿ ಮನೆಗಳು ಯಾಕೆ, ಆಮೇಲೆ ಪೆನ್ನು ಯಾಕೆ ನನ್ನ ಕೈ ಬಿಟ್ಟಿತು ಅನ್ನುವುದನ್ನೇ ಹೇಳಲು ಹೊರಟಿದ್ದೇನೆ.

ನಾಲ್ಕನೇ ತಿಂಗಳು ಮುಗಿದಾಗ ಅವರಿಗೆ ಬೇಸರ ಬಂದಿತ್ತು. ಎಲ್ಲರಿಗೂ ಬರುತ್ತದೆ. ಕೆಮ್ಮು ಹೋಗಿದೆ, ಊಟ ಸೇರುತ್ತಿದೆ, ಮೈ ತುಂಬಿದೆ, ಇನ್ನೂ ಯಾಕೆ ಈ ಮಾತ್ರೆ ಅಂತ. ಒಂದು ಶುಕ್ರವಾರ ಮಾತ್ರೆಯನ್ನು ಅಂಗೈಯಲ್ಲಿ ಉರುಳಿಸುತ್ತಾ, ಸಾಕಾಗಿದೆ ತಂಗಿ, ಅಂದರು. ನುಂಗಿದರು. ಆದರೆ ಬಾಯಿ ತೆರೆದು ತೋರಿಸುವಾಗ ಹಲ್ಲಿನ ಜೋಕು ಹೇಳಲಿಲ್ಲ. ಅದು ನನ್ನ ಮನಸ್ಸಿನಲ್ಲಿ ಮುಳ್ಳಿನ ಹಾಗೆ ಉಳಿಯಿತು. ಅರ್ಧಕ್ಕೆ ಬಿಟ್ಟವರು ಏನಾದರು ಅಂತ ಹನ್ನೊಂದು ವರ್ಷದಲ್ಲಿ ನೋಡಿದ್ದೇವೆ.

ನಮ್ಮ ಚರ್ಚಿನ ಬಾಗಿಲ ಬಳಿ ಒಂದು ಪೆಟ್ಟಿಗೆ ಇದೆ. ಪ್ರಾರ್ಥನೆ ಬೇಕಾದವರು ಚೀಟಿ ಬರೆದು ಹಾಕುತ್ತಾರೆ, ಹೆಸರು ಹಾಕಬೇಕಾಗಿಲ್ಲ. ಭಾನುವಾರ ಸಭೆಯ ಹಿರಿಯರೊಬ್ಬರು ಅವನ್ನು ಒಂದೊಂದಾಗಿ ಓದುತ್ತಾರೆ, ನಾವು ಆಮೆನ್ ಅನ್ನುತ್ತೇವೆ. ಆರಾಧನೆ ಮುಗಿದ ಮೇಲೆ ಚೀಟಿಗಳನ್ನೆಲ್ಲ ಹಿತ್ತಲಿನ ತಗಡಿನ ಡಬ್ಬಿಯಲ್ಲಿ ಸುಡುತ್ತಾರೆ. ಯಾರ ಕಷ್ಟವೂ ಬೀದಿಯಲ್ಲಿ ಬಿದ್ದಿರಬಾರದು ಅಂತ.

ಆ ಶನಿವಾರ ಬೇಳೆ ಬೇಯುತ್ತಿತ್ತು. ಮೇಜಿನ ಮೇಲೆ ಮಗಳ ಲೆಕ್ಕದ ಪುಸ್ತಕ ಬಿದ್ದಿತ್ತು. ಒಂದು ಹಾಳೆಯಲ್ಲಿ ತಪ್ಪಾದ ಲೆಕ್ಕಕ್ಕೆ ಮಿಸ್ಸು ಕೆಂಪು ಗೀಟು ಎಳೆದಿದ್ದರು. ಹೇಗೂ ಬೇಡದ ಹಾಳೆ ಅಂದುಕೊಂಡು ಅರ್ಧ ಹರಿದು, ಹಿಂದಿನ ಖಾಲಿ ಬದಿಯಲ್ಲಿ ಬರೆದೆ: "ಮೂಲೆಯ ಕಟಿಂಗ್ ಅಂಗಡಿಯ ಸಹೋದರನಿಗಾಗಿ. ನಾಲ್ಕು ತಿಂಗಳ ಮಾತ್ರೆ ಮುಗಿದಿದೆ. ಉಳಿದ ಎರಡು ತಿಂಗಳೂ ತಪ್ಪದೆ ನುಂಗುವ ಮನಸ್ಸು ಕೊಡು ಕರ್ತನೇ." ಅಕ್ಷರ ಗೊತ್ತಾಗಬಾರದು ಅಂತ ಅವಸರದಲ್ಲಿ ಓರೆಯಾಗಿ ಬರೆದೆ. ಹೆಸರು ಬರೆಯಲಿಲ್ಲ. ಹೆಸರು ಬರೆಯದೆ ನಿಯಮ ಕಾಪಾಡಿದೆ ಅಂತಲೇ ನಂಬಿದ್ದೆ. ಆ ಮೂಲೆಯಲ್ಲಿ ಕಟಿಂಗ್ ಅಂಗಡಿ ಇರುವುದು ಒಂದೇ ಅನ್ನುವುದು ತಲೆಗೆ ಹೊಳೆಯಲೇ ಇಲ್ಲ. ದೇವರಿಗೆ ಹೇಳುವುದು ಹೊರಗಿನವರಿಗೆ ಹೇಳಿದ ಹಾಗಾಗುತ್ತದೆ ಅಂತ ನಮ್ಮಂಥವರಿಗೆ ಹೇಗೆ ಹೊಳೆಯಬೇಕು?

ಹಿರಿಯರಿಗೆ ಕನ್ನಡಕ ಮರೆತು ಬರುವ ಅಭ್ಯಾಸ. ಚೀಟಿಯನ್ನು ಎತ್ತಿ, ತೋಳು ಚಾಚಿ, ಬೆಳಕಿಗೆ ಹಿಡಿದು ಓದುತ್ತಾರೆ. ಮಕ್ಕಳ ಬೆಂಚು ಅವರ ಎದುರಿಗೇ ಇರುವುದು. ನನ್ನ ಚೀಟಿ ನಾಲ್ಕನೆಯದು. ಓದಿ ಮುಗಿಸಿದರು. ಎಲ್ಲರ ಜೊತೆ ನಾನೂ ಆಮೆನ್ ಅಂದೆ. ಆಮೇಲೆ ಮುಂದಿನ ಸಾಲಿನಲ್ಲಿ ಒಬ್ಬರು ಪಕ್ಕದವರ ಕಡೆ ವಾಲಿ ತಮ್ಮ ಕ್ರಾಪಿನ ಮೇಲೆ ಕೈಯಾಡಿಸಿಕೊಂಡರು. ಆಗ ನನಗೆ ಹೊಳೆಯಿತು.

ಆರು ತಿಂಗಳ ಮಾತ್ರೆ ಅಂದರೆ ಯಾವ ರೋಗ ಅಂತ ಆ ಬೆಂಚುಗಳಲ್ಲಿ ಕೂತ ಪ್ರತಿಯೊಬ್ಬರಿಗೂ ಗೊತ್ತಿತ್ತು. ಮನೆ ಮನೆಗೆ ಹೋಗಿ ಕಲಿಸಿದವರು ನಾವೇ. ಸರಿಯಾಗಿ ಮಾತ್ರೆ ನುಂಗುತ್ತಿರುವವರಿಂದ ಅದು ಹರಡುವುದಿಲ್ಲ ಅಂತಲೂ ಕಲಿಸಿದ್ದೆವು. ಜನಕ್ಕೆ ಪಾಠದ ಮೊದಲರ್ಧ ನೆನಪಿತ್ತು.

ಆ ವಾರ ಅಂಗಡಿಯ ಮುಂದಿನ ಬೆಂಚು ಖಾಲಿಯಾಯಿತು. ಶನಿವಾರ ಬೆಳಗ್ಗೆ ಅಲ್ಲಿ ಸಾಲು ಇರುತ್ತಿತ್ತು. ಈಗ ಪಕ್ಕದ ಸೈಕಲ್ ರಿಪೇರಿಯವನ ಟ್ಯೂಬುಗಳು ಅದರ ಮೇಲೆ ಒಣಗುತ್ತಿದ್ದವು. ಅಣ್ಣ ನನ್ನ ಹಿಂಬಾಗಿಲಿಗೆ ಬರುವುದನ್ನು ಬಿಡಲಿಲ್ಲ. ಗೊತ್ತಾಗಿತ್ತು ಅವರಿಗೆ. ಗಿರಾಕಿಯೊಬ್ಬ ಅರ್ಧ ಗಡ್ಡದಲ್ಲಿ ಎದ್ದು ನಿಂತು, ಚರ್ಚಿನಲ್ಲಿ ಓದಿದ್ದು ನಿಮ್ಮ ಬಗ್ಗೆಯಾ ಅಂತ ಕೇಳಿದನಂತೆ. ಅದನ್ನು ಅವರು ನನಗೆ ಹೇಳಿದ್ದು ಹವಾಮಾನ ಹೇಳಿದ ಹಾಗೆ. ನಾನು ನೀರಿನ ಲೋಟ ಕೈಗೆ ಕೊಟ್ಟೆ.

ಆಗಲೇ ಹೇಳಬೇಕಿತ್ತು. ಒಂದು ದಿನ ತಡ ಮಾಡಿದರೆ ತಪ್ಪು ಎರಡಾಗುತ್ತದೆ, ಎರಡು ದಿನ ತಡ ಮಾಡಿದರೆ ಬಾಯೇ ಕಟ್ಟಿಹೋಗುತ್ತದೆ.

ಮುಂದಿನ ಭಾನುವಾರ ನಮ್ಮ ಆರೋಗ್ಯ ಕೊಠಡಿಯ ಸಮಿತಿ ಸೇರಿತು. ನರ್ಸಕ್ಕ ಕೆಂಡವಾಗಿದ್ದರು. ಚೀಟಿ ಬರೆದವರು ಯಾರು ಅಂತ ಹಿರಿಯರನ್ನು ಕೇಳಿದರೆ, ಅಕ್ಷರ ಕೋಳಿ ಕೆದರಿದ ಹಾಗಿತ್ತು, ಸುಟ್ಟೂ ಆಯಿತು, ಅಂದರು. ಚರ್ಚಿನ ಪಾದ್ರಿಗಳಾದ ಸಭಾಪಾಲಕರು ಒಳ್ಳೆಯವರು. ಬರೆದವರನ್ನು ಹುಡುಕುವುದಕ್ಕಿಂತ ಅಣ್ಣನ ಅಂಗಡಿಗೆ ನಾವೇ ಹೋಗೋಣ, ನಾವು ಕೂತರೆ ಊರು ಕೂರುತ್ತದೆ, ಅಂದರು. ಮಾತು ಸರಿಯಾಗಿಯೇ ಇತ್ತು. ಆದರೆ ನಮ್ಮವರು ಯಾವ ಒಳ್ಳೆಯ ಕೆಲಸವನ್ನೂ ನಿಧಾನವಾಗಿ ಮಾಡಿದವರಲ್ಲ. ಸೋಮವಾರ ಬೆಳಗ್ಗೆಯೇ ಸಭಾಪಾಲಕರು, ಅವರ ಹಿಂದೆ ಹಿರಿಯರು, ಅವರ ಹಿಂದೆ ಹಾಡಿನ ಗುಂಪಿನ ನಾಲ್ವರು. ಮಂಗಳವಾರ ಇನ್ನೂ ಐದು ಜನ. ನನ್ನ ಗಂಡನನ್ನೂ ನಾನೇ ಕಳಿಸಿದ್ದೆ. ಐಸ್ ಫ್ಯಾಕ್ಟರಿಯ ಪಾಳಿ ಮುಗಿಸಿ ಬಂದವರು, ಹೋದ ವಾರವಷ್ಟೇ ಮಾಡಿಸಿದ್ದೀನಲ್ಲ, ಇನ್ನು ಚರ್ಮ ಕತ್ತರಿಸಬೇಕಷ್ಟೇ, ಅಂತ ಗೊಣಗುತ್ತಾ ಹೋದರು. ಕೊನೆಗೆ ಸಂಡೇ ಸ್ಕೂಲ್ ಮೇಷ್ಟ್ರೂ ಹೋಗಿ ಕುರ್ಚಿಯಲ್ಲಿ ಕೂತರು. ಅವರ ತಲೆ ಅಂಗೈಯಷ್ಟು ಬೋಳು. ಅಣ್ಣ ಅವರ ಕುತ್ತಿಗೆಗೆ ಬಟ್ಟೆ ಕಟ್ಟಿ, ಕನ್ನಡಿಯಲ್ಲಿ ಒಂದು ನಿಮಿಷ ನೋಡಿ, ಬಟ್ಟೆ ಬಿಚ್ಚಿ ಕೊಡವಿದರಂತೆ. "ಮೇಷ್ಟ್ರೇ, ನಿಮಗೆ ಕತ್ತರಿ ಬೇಡ. ನನಗೆ ಭಿಕ್ಷೆ ಬೇಡ" ಅಂದರಂತೆ.

ಬುಧವಾರ ರಟ್ಟು ನೇತಾಡುತ್ತಿತ್ತು.

ಅಂದಿನಿಂದ ದಿನಾ ಬೆಳಗ್ಗೆ ಮಾತ್ರೆ, ನೀರಿನ ಬಾಟಲಿ, ಕಾರ್ಡು ಹಿಡಿದು ನಾನೇ ಅಂಗಡಿಗೆ ಹೋದೆ. ಮೊದಲೆರಡು ದಿನ ಉತ್ತರವಿಲ್ಲ. ಒಳಗೆ ರೇಡಿಯೋ ಕೇಳುತ್ತಿತ್ತು, ನಾನು ಬಡಿದರೆ ನಿಲ್ಲುತ್ತಿತ್ತು. ಮೂರನೆಯ ದಿನ ಷಟರ್ ಮೊಣಕಾಲಿನಷ್ಟು ಮೇಲೆದ್ದಿತು. ಅವರ ಚಪ್ಪಲಿ ಮಾತ್ರ ಕಂಡಿತು. ನಾನು ಫುಟ್‌ಪಾತಿನ ಮೇಲೆ ಕುಕ್ಕರಗಾಲಲ್ಲಿ ಕೂತೆ. ಅವರೂ ಒಳಗೆ ಹಾಗೇ ಕೂತರು ಅನ್ನಿಸುತ್ತದೆ, ಧ್ವನಿ ಕೆಳಗಿನಿಂದ ಬಂತು.

"ತಂಗಿ, ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನನ್ನ ವಿಷಯ ಗೊತ್ತಿದ್ದದ್ದು ಮೂರೇ ಜನಕ್ಕೆ. ಡಾಕ್ಟರಿಗೆ ನಿಮ್ಮ ಚರ್ಚ್ ಎಲ್ಲಿದೆ ಅಂತಲೂ ಗೊತ್ತಿಲ್ಲ. ನೀನಂತೂ ಅಲ್ಲ. ಉಳಿದವರು ಯಾರು?"

ನಾನು ಬಾಟಲಿಯ ಮುಚ್ಚಳ ಬಿಗಿ ಮಾಡಿದೆ.

"ನರ್ಸಮ್ಮ ಬಂದು ಅವರ ಬಾಯಲ್ಲೇ ಹೇಳ್ಲಿ, ನಾನೇ ಬರೆದೆ ಅಂತ. ಅಷ್ಟು ಸಾಕು. ಅವತ್ತೇ ನುಂಗ್ತೀನಿ. ನಾನು ದಿನಾ ಬಾಯಿ ತೆರೆದು ತೋರಿಸಬೇಕಲ್ವಾ? ಯಾರ ಮುಂದೆ ತೆರೀತಾ ಇದೀನಿ ಅಂತ ನನಗೆ ಗೊತ್ತಿರಬೇಕು."

"ನರ್ಸಕ್ಕ ಅಂಥವರಲ್ಲ ಅಣ್ಣ," ಅಂದೆ. ಅಷ್ಟು ಮಾತ್ರ ಅಂದೆ.

"ಹಾಗಾದ್ರೆ ಯಾರು?"

ಮಾತ್ರೆಯ ಪೊಟ್ಟಣವನ್ನು ಕಾರ್ಡಿನೊಳಗೆ ಮಡಚಿಟ್ಟುಕೊಂಡೆ. ನನ್ನ ಲೆಕ್ಕಾಚಾರ ಹೀಗಿತ್ತು: ಇವರು ನಂಬಿರುವುದು ನನ್ನೊಬ್ಬಳನ್ನು. ನಾನೇ ಅಂತ ಹೇಳಿದರೆ ಇನ್ನು ಯಾರ ಕೈಯಿಂದಲೂ ಮಾತ್ರೆ ತೆಗೆದುಕೊಳ್ಳುವುದಿಲ್ಲ. ಅವರ ಒಳ್ಳೆಯದಕ್ಕೇ ಸುಮ್ಮನಿದ್ದೇನೆ. ಹೀಗೆಂದು ಮನಸ್ಸಿಗೆ ಹೇಳಿಕೊಂಡು ಮನೆಗೆ ಬಂದೆ. ಪಾತ್ರೆ ತೊಳೆಯುವಾಗ ಆ ಮಾತು ನಿಲ್ಲಲಿಲ್ಲ. ನಾನು ಹೆದರಿದ್ದೆ, ಅಷ್ಟೇ. ನೀನಂತೂ ಅಲ್ಲ ಅಂದವರ ಮುಂದೆ ನಾನೇ ಅನ್ನಲು ಹೆದರಿದ್ದೆ.

ಇಷ್ಟರ ನಡುವೆ ಮಗಳನ್ನು ಸರಿಯಾಗಿ ನೋಡಿರಲಿಲ್ಲ. ಅರಳು ಹುರಿದ ಹಾಗೆ ಮಾತಾಡುತ್ತಾಳೆ ಅಂತ ಅವಳಪ್ಪ ಅವಳಿಗೆ ಅರಳು ಅಂತಲೇ ಹೆಸರಿಟ್ಟಿದ್ದಾರೆ. ಅಂಥವಳು ಎರಡು ವಾರದಿಂದ ಬಾಣಲೆ ಆರಿದ ಹಾಗಿದ್ದಳು. ಊಟಕ್ಕೆ ಕೂತರೆ "ಅಮ್ಮಾ" ಅನ್ನುವುದು, ನಾನು ತಿರುಗಿ "ಏನೇ?" ಅಂದರೆ "ಏನಿಲ್ಲ" ಅನ್ನುವುದು. ಕೂದಲು ಕಣ್ಣಿಗೆ ಬೀಳುತ್ತಿತ್ತು. ಅದನ್ನು ಊದಿ ಹಾರಿಸಿ ಮತ್ತೆ ತಟ್ಟೆ ನೋಡುತ್ತಾ ಕೂರುತ್ತಿದ್ದಳು.

ಭಾನುವಾರ ಮಧ್ಯಾಹ್ನ ಬಟ್ಟೆ ಮಡಿಸುವಾಗ ಪಕ್ಕದಲ್ಲಿ ಕೂರಿಸಿಕೊಂಡೆ. ಕತ್ತರಿ ಮಾಮನ ರೋಗ ತನಗೂ ಬರುತ್ತದೆ ಅಂತ ಹೆದರಿದ್ದಾಳೆ ಅಂದುಕೊಂಡಿದ್ದೆ. ಆದ್ದರಿಂದ ಎಲ್ಲ ಬಿಡಿಸಿ ಹೇಳಿದೆ. ಕೆಮ್ಮಿದಾಗ ಗಾಳಿಯಲ್ಲಿ ಕಣ್ಣಿಗೆ ಕಾಣದ ರೋಗಾಣು ಬರುತ್ತದೆ, ಮಾತ್ರೆ ಶುರುವಾದ ಕೆಲವು ವಾರಕ್ಕೆ ಅದರ ಹಾರಾಟ ನಿಲ್ಲುತ್ತದೆ, ಆದರೆ ಒಳಗೆ ಅಡಗಿ ಕೂತವು ಇರುತ್ತವೆ, ಅವು ಪೂರ್ತಿ ಸಾಯಲು ಆರು ತಿಂಗಳು ಬೇಕು. ಅರ್ಧಕ್ಕೆ ಬಿಟ್ಟರೆ ಉಳಿದವು ಮಾತ್ರೆಗೆ ಪಳಗಿಬಿಡುತ್ತವೆ, ಆಮೇಲೆ ಅದೇ ಮಾತ್ರೆಗೆ ಜಗ್ಗುವುದಿಲ್ಲ. ನಿನಗೆ ಪರೀಕ್ಷೆ ಮಾಡಿಸಿದ್ದೇವೆ, ಏನೂ ಇಲ್ಲ. ಅವಳು ಕಾಲುಚೀಲಗಳಿಗೆ ಜೋಡಿ ಹುಡುಕುತ್ತಾ ಪೂರ್ತಿ ಕೇಳಿದಳು.

"ಅದು ನನಗೆ ಗೊತ್ತು," ಅಂದಳು.

"ಮತ್ತೆ ಏನು ಕಂದಾ?"

ಅವಳು ನನ್ನ ಮುಖ ನೋಡಿದಳು. ಆ ನೋಟವನ್ನು ನಾನು ಆಗ ಓದಲಿಲ್ಲ. "ಒಂದು ಕಾಲುಚೀಲ ಕಮ್ಮಿ ಇದೆ," ಅಂದು ಎದ್ದುಹೋದಳು.

ಮಂಗಳವಾರ ಸಂಜೆ ನರ್ಸಕ್ಕ ಮನೆಗೆ ಬಂದರು. ಅಂದಿಗೆ ಏಳು ಮನೆ ಖಾಲಿ. ಕಾರ್ಡನ್ನು ಮೇಜಿನ ಮೇಲಿಟ್ಟು ಕನ್ನಡಕ ಒರೆಸಿಕೊಂಡರು. ಮಗಳು ಮೇಜಿನ ಇನ್ನೊಂದು ತುದಿಯಲ್ಲಿ ಮನೆಕೆಲಸ ಬರೆಯುತ್ತಿದ್ದಳು.

"ವಾರ ಅಂದ್ರೆ ಸುಧಾರಿಸಬಹುದು. ತಿಂಗಳಾದ್ರೆ ಮೊದಲಿಂದ ಶುರು ಮಾಡಿ ಅಂದಾರು ಡಾಕ್ಟರು. ಮೊದಲಿಂದ ಅಂದ್ರೆ ಈ ಮನುಷ್ಯ ಬರಲ್ಲ." ಅವರ ಧ್ವನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ನಾಳೆ ನಾನೂ ಬರ್ತೀನಿ. ನಾನೇ ಬರೆದೆ ಅಂದುಬಿಡ್ತೀನಿ."

"ನೀವು ಬರೆದಿಲ್ವಲ್ಲ?" ಅಂದೆ.

"ಇಲ್ಲ. ಆದ್ರೆ ಬರೆದವರು ಬಾಯಿ ಬಿಡ್ತಿಲ್ಲ. ಅವರಿಗೆ ಬೇಕಾದದ್ದು ಬೈಯೋಕೆ ಒಂದು ಮುಖ. ನನ್ನ ಮುಖಕ್ಕೆ ಏನು, ಅಭ್ಯಾಸ ಆಗಿದೆ."

"ಸುಳ್ಳಾಗುತ್ತಲ್ಲ ಅಕ್ಕ?"

"ದೇವರ ಹತ್ರ ಆಮೇಲೆ ಮಾತಾಡ್ಕೋತೀನಿ. ಈ ಸಲ ಚೀಟಿ ಹಾಕದೆ," ಅಂದು ನಕ್ಕರು.

ನಾನು ಬೇಡ ಅನ್ನಲಿಲ್ಲ. ಚಹಾ ಮಾಡಿಕೊಟ್ಟೆ. ಮಗಳು ರಬ್ಬರಿನಿಂದ ಏನನ್ನೋ ಉಜ್ಜುತ್ತಿದ್ದಳು, ತುಂಬ ಹೊತ್ತು ಉಜ್ಜಿದಳು.

ಬುಧವಾರ ಎರಡೂ ಜಡೆ ಹೆಣೆದು, ರಿಬ್ಬನ್ನು ಕಟ್ಟಿ, ಅವಳನ್ನು ಶಾಲೆಗೆ ಕರೆದುಕೊಂಡು ಹೊರಟೆ. ನರ್ಸಕ್ಕ ಮೂಲೆಯಲ್ಲಿ ಕಾಯುತ್ತಿದ್ದರು. ಅವರೇ ಷಟರ್ ಬಡಿದರು. ಒಳಗಿನಿಂದ ಯಾರು ಅಂತ ಕೇಳಿತು. "ನೀವು ಕೇಳಿದವಳು," ಅಂದರು.

ಷಟರ್ ಎದೆಯ ತನಕ ಏರಿತು. ನಾವು ಬಗ್ಗಿ ಒಳಗೆ ಹೋದೆವು. ಒಂದು ವಾರ ಕೂದಲು ಬೀಳದ ನೆಲ ತೊಳೆದಿಟ್ಟ ಹಾಗಿತ್ತು. ಕತ್ತರಿಗಳು ಸಾಲಾಗಿ ಟವೆಲಿನ ಮೇಲೆ, ಕುರ್ಚಿಯ ಮೇಲೆ ಬೆಡ್‌ಶೀಟ್ ಹೊದಿಸಿತ್ತು. ಅಣ್ಣನ ಗಡ್ಡ ಬೆಳೆದಿತ್ತು. ಊರಿಗೆಲ್ಲ ಕ್ಷೌರ ಮಾಡುವವರು ತಮ್ಮ ಗಡ್ಡ ಬಿಟ್ಟಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಕನ್ನಡಿಯಲ್ಲಿ ನಾವು ನಾಲ್ವರೂ ಕಾಣುತ್ತಿದ್ದೆವು, ಅದು ನನಗೆ ಇರುಸುಮುರುಸಾಯಿತು.

ನರ್ಸಕ್ಕ ಸುತ್ತಿ ಬಳಸಲಿಲ್ಲ.

"ಆ ಚೀಟಿ ನಾನು ಬರೆದೆ. ತಪ್ಪಾಯ್ತು."

ಅಣ್ಣ ಟವೆಲಿನ ಮೇಲಿನ ಸರಿಯಾಗಿಯೇ ಇದ್ದ ಒಂದು ಕತ್ತರಿಯನ್ನು ಮತ್ತೆ ಸರಿಮಾಡಿ ಇಟ್ಟರು.

"ಗೊತ್ತಿತ್ತು. ನಿಮ್ಮ ಬಾಯಿಂದ ಕೇಳ್ಬೇಕಿತ್ತು." ಆಮೇಲೆ ಹೇಳಿದರು, "ನನ್ನ ಕುರ್ಚಿಯಲ್ಲಿ ಕೂತು ಜನ ಏನೇನೋ ಹೇಳ್ತಾರೆ ನರ್ಸಮ್ಮ. ಹೆಂಡತಿ ಜಗಳ, ಮಗನ ಕೆಲಸ, ಮುಚ್ಚಿಟ್ಟ ಕಾಯಿಲೆ. ಮೂವತ್ತು ವರ್ಷ. ಒಂದು ಮಾತು ಈ ಬಾಗಿಲು ದಾಟಿಲ್ಲ. ಓದಿದವರು ನೀವು, ನಿಮಗೆ ಆಗಲಿಲ್ವಾ?"

ನರ್ಸಕ್ಕ ತಲೆ ತಗ್ಗಿಸಿದರು. ಅವರು ಯಾರ ಮುಂದೆಯೂ ತಲೆ ತಗ್ಗಿಸಿದ್ದನ್ನು ನಾನು ಕಂಡಿರಲಿಲ್ಲ. ಪಕ್ಕದಲ್ಲಿ ನಿಂತ ಮಗಳೂ ಕಂಡಿರಲಿಲ್ಲ. ಅವಳು ನರ್ಸಕ್ಕನ ಮುಖವನ್ನೇ ನೋಡುತ್ತಿದ್ದಳು.

"ಇನ್ನು ನಿಮ್ಮ ಕೈಯಿಂದ ನಾನು ನೀರೂ ಕುಡಿಯಲ್ಲ," ಅಂದರು ಅಣ್ಣ. "ಮಾತ್ರೆ ತಂಗಿ ಕೈಯಿಂದ. ಅವಳೊಬ್ಬಳ ಕೈಯಿಂದ."

ಅವರು ಅಂಗೈ ಚಾಚಿದರು. ನಾನು ಪೊಟ್ಟಣ ಒಡೆದೆ. ಒಂದು ಮಾತ್ರೆ ನೆಲಕ್ಕೆ ಬಿತ್ತು. ಅದನ್ನು ಎತ್ತಿ ಪಕ್ಕಕ್ಕಿಟ್ಟು ಬೇರೆಯದು ಕೊಟ್ಟೆ. ಬಾಟಲಿಯ ಮುಚ್ಚಳ ತೆಗೆದೆ. ಅಣ್ಣ ಮಗಳನ್ನು ನೋಡಿ ಎರಡು ವಾರದಲ್ಲಿ ಮೊದಲ ಸಲ ಸ್ವಲ್ಪ ನಕ್ಕರು.

"ಏನು ಅರಳು, ಕೂದಲು ಕಣ್ಣಿಗೆ ಬಂದಿದೆ? ಇದನ್ನು ನುಂಗಿಬಿಡ್ತೀನಿ, ಆಮೇಲೆ ಕೂರು. ಶಾಲೆಗೆ ಇನ್ನೂ ಹೊತ್ತಿದೆಯಲ್ಲ?"

ಅವಳು ಕುರ್ಚಿಯ ಕಡೆ ಹೋಗಲಿಲ್ಲ. ಕಣ್ಣಿನ ಮೇಲಿನ ಕೂದಲನ್ನು ಕೈಯಿಂದ ಸರಿಸಿ, ನನ್ನ ಸೆರಗು ಹಿಡಿದು, ತರಗತಿಯಲ್ಲಿ ಎದ್ದು ನಿಂತ ಹಾಗೆ ನೆಟ್ಟಗೆ ನಿಂತು ಕೇಳಿದಳು.

"ಅಮ್ಮಾ, ನರ್ಸ್ ಆಂಟಿ ಬರೆದಿದ್ರೆ, ಆ ಚೀಟಿ ಹಿಂದೆ ನನ್ನ ತಪ್ಪು ಲೆಕ್ಕ ಹೇಗೆ ಬಂತು?"